ಗಾಳಿಯಲ್ಲಿ ಹಾರಿಸಿದ ಗುಂಡು ಎಲ್ಲಿಗೆ ಹೋಗುತ್ತದೆ?

‘ಗುಂಪು ಚದುರಿಸಲು ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು.’ ಪತ್ರಿಕೆ ಓದುವ ನಾವೆಲ್ಲ ಈ ಸಾಲನ್ನು ಎಷ್ಟೋ ಸಲ ಓದಿದ್ದೇವೆ. ಉತ್ತರ ಭಾರತದ ಯಾವುದೋ ಮದುವೆ ದಿಬ್ಬಣದ ಸುದ್ದಿಯಲ್ಲೂ ಇದೇ ಮಾತು ಬರುತ್ತದೆ: ಖುಷಿಗೆ ಗಾಳಿಯಲ್ಲಿ ಗುಂಡು. ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಗುಂಡಿನ ಪ್ರಯಾಣ ಆಗಷ್ಟೇ ಶುರುವಾಗಿರುತ್ತದೆ. ‘ಗಾಳಿಯಲ್ಲಿ’ ಎಂದು ಓದಿದಾಗ ಅದು ಗಾಳಿಯಲ್ಲೇ ಕರಗಿತೇನೋ ಅನ್ನಿಸುತ್ತದೆ. ಆದರೆ ಸೀಸ, ತಾಮ್ರ ಕರಗುವಂಥವಲ್ಲ. ಹೆಚ್ಚೆಂದರೆ ಒಂದು ನಿಮಿಷ, ಅಷ್ಟರಲ್ಲಿ ಅದು ಎಲ್ಲೋ ಒಂದು ಕಡೆ ನೆಲ ಮುಟ್ಟಲೇಬೇಕು. ಆ ‘ಎಲ್ಲೋ ಒಂದು ಕಡೆ’ ಯಾರದೋ ಮನೆಯಂಗಳ ಆಗಿದ್ದರೆ?

ಈ ಪ್ರಶ್ನೆಗೆ ಜನರಲ್ಲಿ ಎರಡು ಉತ್ತರಗಳಿವೆ. ಹೋದ ವೇಗದಲ್ಲೇ ವಾಪಸು ಬರುತ್ತದೆ, ತಲೆಗೆ ಬಿದ್ದರೆ ಉಳಿಗಾಲವಿಲ್ಲ ಎನ್ನುವವರು ಒಂದಷ್ಟು ಮಂದಿ. ಮೇಲೆ ಹೋಗಿ ಶಕ್ತಿ ಕಳೆದುಕೊಂಡು ಬೆಣಚುಕಲ್ಲಿನಂತೆ ಬೀಳುತ್ತದೆ, ಏನೂ ಆಗದು ಎನ್ನುವವರು ಇನ್ನೊಂದಷ್ಟು ಮಂದಿ. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ. ನನಗೆ ಹೆಚ್ಚು ಭಯ ಹುಟ್ಟಿಸುವುದು ಆ ಅರ್ಧ ಸರಿಯೇ, ಏಕೆಂದರೆ ಅದನ್ನು ನಂಬಿ ಜನ ಬಂದೂಕು ಎತ್ತುತ್ತಾರೆ.

ಶಾಲೆಯ ಲೆಕ್ಕದಿಂದಲೇ ಹೊರಡೋಣ. ನೆಟ್ಟಗೆ ಮೇಲಕ್ಕೆ ಎಸೆದ ಕಲ್ಲು ಹೊರಟ ವೇಗದಲ್ಲೇ ಕೈಗೆ ಮರಳುತ್ತದೆ ಎಂದು ಓದಿದ್ದೇವೆ. ಎಕೆ-47 ಬಂದೂಕಿನ ಗುಂಡು ನಳಿಗೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 715 ಮೀಟರ್. ಆ ಲೆಕ್ಕದಂತೆ ಅದು 26 ಕಿಲೋಮೀಟರ್ ಮೇಲೇರಿ, ಅಂದರೆ ವಿಮಾನಗಳು ಹಾರುವ ಎತ್ತರದ ಎರಡು ಪಟ್ಟಿಗೂ ಮೇಲೆ ಹೋಗಿ, ಮತ್ತೆ 715 ಮೀಟರ್ ವೇಗದಲ್ಲೇ ಕೆಳಗಿಳಿಯಬೇಕು. ಆದರೆ ಅದೇ ಲೆಕ್ಕದ ಕೊನೆಗೆ ಒಂದು ಸಣ್ಣ ಸಾಲು ಇರುತ್ತಿತ್ತು, ನೆನಪಿದೆಯೇ? ‘ಗಾಳಿಯ ಪ್ರತಿರೋಧವನ್ನು ಕಡೆಗಣಿಸಿ.’ ಗುಂಡಿನ ವಿಷಯದಲ್ಲಿ ಕಡೆಗಣಿಸಲಾಗದ್ದು ಅದೊಂದೇ.

ಇದನ್ನು ಮೊದಲು ಅಳೆದು ತೋರಿಸಿದವನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್. ಗುಂಡಿನಂಥ ಭಾರದ ಸೀಸಕ್ಕೆ ಗಾಳಿ ಯಾವ ಲೆಕ್ಕ ಎಂದು ಅವನ ಕಾಲದ ಪಂಡಿತರು ಭಾವಿಸಿದ್ದರು. ರಾಬಿನ್ಸ್ ಭಾರವಾದ ಹಲಗೆಯೊಂದನ್ನು ಉಯ್ಯಾಲೆಯಂತೆ ತೂಗುಹಾಕಿ ಅದಕ್ಕೆ ಗುಂಡು ಹೊಡೆದ. ಹಲಗೆ ಎಷ್ಟು ಹಿಂದಕ್ಕೆ ಜೀಕಿತು ಎಂಬುದರಿಂದ ಗುಂಡಿನ ವೇಗ ಲೆಕ್ಕ ಹಾಕಿದ. ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಹೊಡೆದರೆ ನಡುವಿನ ಗಾಳಿ ಎಷ್ಟು ವೇಗ ನುಂಗಿತು ಎಂಬುದೂ ಸಿಕ್ಕಿತು. 1742ರಲ್ಲಿ ಅವನು ಪ್ರಕಟಿಸಿದ ಫಲಿತಾಂಶ ಪಂಡಿತರನ್ನು ಬೆಚ್ಚಿಬೀಳಿಸಿತು: ವೇಗವಾಗಿ ಹೋಗುವ ಸೀಸದ ಗುಂಡಿನ ಮೇಲೆ ಗಾಳಿ ಹೇರುವ ತಡೆ ಆ ಗುಂಡಿನ ತೂಕದ ನೂರು ಪಟ್ಟಿಗೂ ಹೆಚ್ಚು. (ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕಟ್ಟುವ ಕೆಲಸಕ್ಕೆ ನಮ್ಮ ಕಡೆಗೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.) ಇಂದಿನ ಗುಂಡುಗಳಿಗೆ ಚೂಪು ಮೂತಿ ಇರುವುದರಿಂದ ತಡೆ ಕಡಿಮೆ. ಆದರೂ ಎಕೆ-47ರ ಗುಂಡು ನಳಿಗೆ ಬಿಟ್ಟ ಕ್ಷಣದಲ್ಲಿ ಅದನ್ನು ಹಿಂದಕ್ಕೆ ಒತ್ತುವ ಗಾಳಿಯ ಬಲ ಅದರ ತೂಕದ ಐವತ್ತು ಅರವತ್ತು ಪಟ್ಟು ಇರುತ್ತದೆ. ಮೇಲೇರುವ ಗುಂಡನ್ನು ನಿಲ್ಲಿಸುವುದರಲ್ಲಿ ಭೂಮಿಯ ಸೆಳೆತಕ್ಕಿಂತ ಗಾಳಿಯ ಪಾಲೇ ದೊಡ್ಡದು. ಹಾಗಾಗಿ 26 ಕಿಲೋಮೀಟರ್ ಹೋಗಬೇಕಾದದ್ದು ಎರಡು ಮೂರು ಕಿಲೋಮೀಟರಿಗೇ ಸೋತು ನಿಲ್ಲುತ್ತದೆ.

ಇಳಿಯುವಾಗಲೂ ಅದೇ ಗಾಳಿ. ಇದನ್ನು ತಿಳಿಯಲು ಬಂದೂಕು ಬೇಡ, ಮುಂಗಾರು ಮಳೆ ಸಾಕು. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಹನಿ, ಗಾಳಿಯೇ ಇಲ್ಲದಿದ್ದರೆ, ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ನಮ್ಮ ತಲೆಗೆ ಅಪ್ಪಳಿಸಬೇಕಿತ್ತು. ಎಷ್ಟೇ ದಪ್ಪ ಹನಿಯಾದರೂ ಬೀಳುವುದು ಸುಮಾರು 9 ಮೀಟರ್ ವೇಗದಲ್ಲಿ. ಹನಿಯ ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ, ಅದೂ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು ಎಂಬ ಲೆಕ್ಕದಲ್ಲಿ. ಒಂದು ಹಂತದಲ್ಲಿ ಮೇಲಕ್ಕೆ ಒತ್ತುವ ತಡೆಯೂ ಕೆಳಗೆ ಎಳೆಯುವ ತೂಕವೂ ಸರಿಸಮ ಆಗುತ್ತವೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ, ಹನಿ ಒಂದೇ ಸಮನೆ ಇಳಿಯುತ್ತದೆ. ಇದಕ್ಕೆ ಅಂತಿಮ ವೇಗ ಎಂದು ಹೆಸರು. ಎರಡು ಕಿಲೋಮೀಟರಿನಿಂದ ಬಿದ್ದರೂ ಇಪ್ಪತ್ತು ಕಿಲೋಮೀಟರಿನಿಂದ ಬಿದ್ದರೂ ನೆಲ ಮುಟ್ಟುವಾಗ ಅದೇ ವೇಗ.

ಯಾವ ವಸ್ತುವಿನ ಅಂತಿಮ ವೇಗ ಎಷ್ಟು ಎಂಬುದು ಮುಖ್ಯವಾಗಿ ಎರಡು ಸಂಗತಿಗಳ ಹಗ್ಗಜಗ್ಗಾಟ: ಅದು ಎಷ್ಟು ತೂಕ, ಗಾಳಿಗೆ ಎಷ್ಟು ಅಗಲದ ಮೈ ಒಡ್ಡುತ್ತದೆ. ತೂಕ ಹೆಚ್ಚಿ ಮೈ ಕಿರಿದಾದರೆ ವೇಗ ಹೆಚ್ಚು. ಹತ್ತಿ ತೇಲುತ್ತದೆ, ಆಲಿಕಲ್ಲು ಹೆಂಚು ಒಡೆಯುತ್ತದೆ. ಬಂದೂಕಿನ ಗುಂಡಂತೂ ಸೀಸ ತುಂಬಿದ, ಉದ್ದನೆಯ, ಬೆರಳಿಗಿಂತ ಸಪೂರದ ವಸ್ತು. ಎಕೆ-47ರ ಗುಂಡಿನ ತೂಕ 8 ಗ್ರಾಮಿಗೆ ತುಸು ಕಡಿಮೆ, ಅಡ್ಡಗಲ 8 ಮಿಲಿಮೀಟರಿಗೆ ತುಸು ಕಡಿಮೆ. ಲೆಕ್ಕ ಹಾಕಿದರೆ ಅದರ ಅಂತಿಮ ವೇಗ ಸೆಕೆಂಡಿಗೆ 80 ಮೀಟರಿನ ಆಸುಪಾಸು ಬರುತ್ತದೆ, ಅಂದರೆ ಗಂಟೆಗೆ ಸುಮಾರು 290 ಕಿಲೋಮೀಟರ್. ಹೊರಟ ವೇಗದ ಒಂಬತ್ತನೇ ಒಂದು ಭಾಗ. ಶಕ್ತಿಯ ಲೆಕ್ಕದಲ್ಲಿ ಇನ್ನೂ ಸಣ್ಣದು: ಹೊರಡುವಾಗ 2000 ಜೂಲ್, ಬೀಳುವಾಗ ಸುಮಾರು 26 ಜೂಲ್.

ಕಾಗದದ ಮೇಲಿನ ಈ ಲೆಕ್ಕವನ್ನು ನಿಜವಾದ ಬಂದೂಕಿನಿಂದ ಪರೀಕ್ಷಿಸಿದವರಲ್ಲಿ ಹೆಸರಾದವನು ಅಮೆರಿಕ ಸೇನೆಯ ಮೇಜರ್ ಜೂಲಿಯನ್ ಹ್ಯಾಚರ್. ಮೊದಲ ಮಹಾಯುದ್ಧ ಮುಗಿದ ಮೇಲೆ, 1919-20ರ ಹೊತ್ತಿಗೆ, ಫ್ಲೋರಿಡಾದ ಕರಾವಳಿಯಲ್ಲಿ ನಡೆದ ಪ್ರಯೋಗ ಅದು. ಆಳವಿಲ್ಲದ ನೀರಿನ ನಡುವೆ ಹತ್ತು ಅಡಿ ಉದ್ದಗಲದ ಅಟ್ಟಣಿಗೆ ಕಟ್ಟಿ, ಮೆಷಿನ್ ಗನ್ನನ್ನು ನೆಟ್ಟಗೆ ಆಕಾಶಕ್ಕೆ ಮುಖ ಮಾಡಿಸಿದರು. ನೀರನ್ನೇ ಆರಿಸಿಕೊಂಡದ್ದು ಬೀಳುವ ಗುಂಡು ಎಬ್ಬಿಸುವ ನೀರಿನ ಚಿಮ್ಮು ಕಾಣಲಿ ಎಂದು. ಆ ಗುಂಡಿನ ತೂಕ ಸುಮಾರು 9.7 ಗ್ರಾಮ್, ಹೊರಡುವ ವೇಗ ಸೆಕೆಂಡಿಗೆ 820 ಮೀಟರಿಗೂ ಹೆಚ್ಚು. ಐನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಅಟ್ಟಣಿಗೆಯ ಮೇಲೆ ಬಿದ್ದದ್ದು ನಾಲ್ಕೇ ನಾಲ್ಕು.

ಆ ನಾಲ್ಕು ಬಹಳ ಹೇಳಿದವು. ಗುಂಡು ಸುಮಾರು 9000 ಅಡಿ ಏರಲು 18 ಸೆಕೆಂಡು, ಇಳಿಯಲು 31 ಸೆಕೆಂಡು, ಒಟ್ಟು 49 ಸೆಕೆಂಡು. ಗಾಳಿಯಿಲ್ಲದ ಲೋಕದಲ್ಲಿ ಏರುವುದಕ್ಕೇ 84 ಸೆಕೆಂಡು ಹಿಡಿಯುತ್ತಿತ್ತು. ಏರಿದ್ದಕ್ಕಿಂತ ಇಳಿದದ್ದು ನಿಧಾನ ಎಂಬುದೇ ಗಾಳಿಯ ಕೈವಾಡಕ್ಕೆ ಸಾಕ್ಷಿ. ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 300 ಅಡಿ, ಅಂದರೆ 90 ಮೀಟರ್. ಶಕ್ತಿ 40 ಜೂಲ್ ಆಸುಪಾಸು. ಸೈನಿಕನೊಬ್ಬನನ್ನು ಕಾದಾಡಲಾರದಂತೆ ಮಾಡಲು ಇದರ ಎರಡರಷ್ಟು ಬೇಕೆಂದು ಆಗ ಸೇನೆ ಎಣಿಸುತ್ತಿತ್ತು. ಅಟ್ಟಣಿಗೆಯ ಮೆತ್ತನೆಯ ಪೈನ್ ಹಲಗೆಯ ಮೇಲೆ ಬಿದ್ದ ಗುಂಡು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ತಗ್ಗು ಮಾಡಿತ್ತು. ಆ ತಗ್ಗಿನ ಆಕಾರದಿಂದ ಇನ್ನೊಂದು ಗುಟ್ಟು ಗೊತ್ತಾಯಿತು: ಗುಂಡು ಮೂತಿ ಕೆಳಗೆ ಮಾಡಿ ಬಿದ್ದಿರಲಿಲ್ಲ, ಬುಡ ಕೆಳಗಾಗಿ ಬಿದ್ದಿತ್ತು. ಏಕೆ ಎಂಬುದನ್ನು ಮುಂದೆ ನೋಡೋಣ.

ಐನೂರರಲ್ಲಿ ನಾಲ್ಕೇ ಗುಂಡು ಸಿಕ್ಕಿದ್ದು ಆಶ್ಚರ್ಯವಲ್ಲ. ಮುಕ್ಕಾಲು ನಿಮಿಷ ಗಾಳಿಯಲ್ಲಿರುವ ಗುಂಡನ್ನು ಮೇಲಿನ ಬೀಸುಗಾಳಿ ನೂರಾರು ಮೀಟರ್ ಸರಿಸಿಬಿಡುತ್ತದೆ. ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಪಾದ್ರಿ ಮರ್ಸೆನ್ ಮತ್ತು ಅವನ ಗೆಳೆಯನೊಬ್ಬ ಫಿರಂಗಿಯನ್ನು ನೆಟ್ಟಗೆ ನಿಲ್ಲಿಸಿ ಹಾರಿಸಿ, ಗುಂಡು ವಾಪಸು ಸಿಗದೆ ತಲೆ ಕೆಡಿಸಿಕೊಂಡಿದ್ದರು. 1690ರ ಪುಸ್ತಕವೊಂದರ ಚಿತ್ರದಲ್ಲಿ ಪಾದ್ರಿಯೊಬ್ಬ ಮತ್ತು ಯೋಧನೊಬ್ಬ ಫಿರಂಗಿಯ ಪಕ್ಕ ನಿಂತು ಆಕಾಶ ನೋಡುತ್ತಿದ್ದಾರೆ. ಮೇಲೆ ಒಂದೇ ಪ್ರಶ್ನೆ: ‘ಮರಳಿ ಬೀಳುವುದೇ?’

ಹಾಗಾದರೆ 26 ಜೂಲ್, 40 ಜೂಲ್ ಎಂದರೆ ಎಷ್ಟು? ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ ಸುಮಾರು 120 ಜೂಲ್ ಇರುತ್ತದೆ, ಬೀಳುವ ಗುಂಡಿನ ಮೂರರಿಂದ ನಾಲ್ಕೂವರೆ ಪಟ್ಟು. ಇಲ್ಲಿಗೇ ನಿಲ್ಲಿಸಿದರೆ ‘ಏನೂ ಆಗದು’ ಎಂಬವರ ವಾದ ಗೆದ್ದಂತೆ. ಆದರೆ ಶಕ್ತಿ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ಜಾಗಕ್ಕೆ ಹಂಚಿಹೋಗುತ್ತದೆ ಎಂಬುದನ್ನೂ ನೋಡಬೇಕು. ಒನಕೆಯ ತುದಿಯಿಂದ ಒತ್ತಿದರೆ ನೋವು, ಅಷ್ಟೇ ಬಲದಿಂದ ದಬ್ಬಣ ಒತ್ತಿದರೆ ರಕ್ತ. ಕ್ರಿಕೆಟ್ ಚೆಂಡಿನ ಅಡ್ಡ ವಿಸ್ತಾರ ಸುಮಾರು 40 ಚದರ ಸೆಂಟಿಮೀಟರ್, ಗುಂಡಿನದು ಅರ್ಧ ಚದರ ಸೆಂಟಿಮೀಟರ್. ಹಾಗೆ ಹಂಚಿ ನೋಡಿದರೆ ಪ್ರತಿ ಚದರ ಸೆಂಟಿಮೀಟರಿಗೆ ಚೆಂಡಿನ ಪಾಲು 3 ಜೂಲ್, ಗುಂಡಿನದು ಐವತ್ತರ ಮೇಲೆ. ಮನುಷ್ಯನ ಚರ್ಮ ತೂರಲು ಸಾಮಾನ್ಯ ಗುಂಡಿಗೆ ಸೆಕೆಂಡಿಗೆ 60ರಿಂದ 75 ಮೀಟರ್ ವೇಗ ಸಾಕೆಂದು ಪ್ರಯೋಗಗಳು ತೋರಿಸಿವೆ. ನೆಟ್ಟಗೆ ಹೋಗಿ ನೆಟ್ಟಗೆ ಬಿದ್ದ ರೈಫಲ್ ಗುಂಡಿನ ವೇಗ ಆ ಗೆರೆಯನ್ನು ದಾಟಿಯೇ ಇದೆ. ತೋಳಿಗೋ ಬೆನ್ನಿಗೋ ಬಿದ್ದರೆ ಗಾಯ ಆದೀತು, ಜೀವ ಹೋಗುವುದು ಅಪರೂಪ. ಆದರೆ ಮೇಲಿನಿಂದ ಬರುವ ಗುಂಡು ಮೊದಲು ಕಾಣುವುದು ತಲೆಯನ್ನು. ಹಸುಗೂಸಿನ ನೆತ್ತಿಗೆ ಎಣ್ಣೆ ಇಡುವಾಗ ಬೆರಳಿಗೆ ಮೆತ್ತಗೆ ಸಿಗುತ್ತದಲ್ಲ, ಆ ಜಾಗದಲ್ಲಿ ಇನ್ನೂ ಎಲುಬೇ ಕೂಡಿರುವುದಿಲ್ಲ. ಚಿಕ್ಕ ಮಕ್ಕಳ ತಲೆಬುರುಡೆಯೂ ತೆಳ್ಳಗೆ. ಅಲ್ಲಿ ಈ ನಲವತ್ತು ಜೂಲ್ ಸಣ್ಣ ಸಂಖ್ಯೆಯಲ್ಲ.

ಬರೀ ಬೀಳುವುದರಿಂದಲೇ ಕೊಲ್ಲಬಹುದು ಎಂಬುದನ್ನು ಯುದ್ಧ ಮಾಡುವವರು ಎಂದೋ ಕಂಡುಕೊಂಡಿದ್ದರು. 1914ರಲ್ಲಿ ಫ್ರೆಂಚ್ ವಿಮಾನಗಳು ಪೆನ್ಸಿಲ್ಲಿನಂಥ ಉಕ್ಕಿನ ಬಾಣಗಳನ್ನು ಶತ್ರುಪಾಳಯದ ಮೇಲೆ ಸುರಿದವು. ಮದ್ದಿಲ್ಲ, ಬಂದೂಕಿಲ್ಲ. ಮೂತಿ ಸದಾ ಕೆಳಗಿರುವಂತೆ ಬಾಲಕ್ಕೆ ರೆಕ್ಕೆಯಂಥ ಅಚ್ಚು, ಅಷ್ಟೇ. ಉಳಿದದ್ದನ್ನು ಭೂಮಿಯ ಸೆಳೆತ ಮಾಡಿತು.

ಇಷ್ಟು ಹೊತ್ತು ಮಾತಾಡಿದ್ದು ಪೂರಾ ನೆಟ್ಟಗೆ ಹಾರಿಸಿದ ಗುಂಡಿನ ಬಗ್ಗೆ. ಹ್ಯಾಚರ್ ಮೆಷಿನ್ ಗನ್ನನ್ನು ಬಿಗಿದು, ಕೋನ ಅಳೆದು, ಮತ್ತೆ ಮತ್ತೆ ತಿದ್ದಿ ಹಾಗೆ ಹಾರಿಸಿದ. ಮದುವೆ ದಿಬ್ಬಣದಲ್ಲಿ ಒಂದು ಕೈಯಲ್ಲಿ ಬಂದೂಕು ಎತ್ತಿ ಕುಣಿಯುವವನು ಹಾಗೆ ಹಾರಿಸಬಲ್ಲನೇ? ಅವನ ನಳಿಗೆ ಎತ್ತಲೋ ವಾಲಿರುತ್ತದೆ. ಕಥೆ ಬದಲಾಗುವುದೇ ಇಲ್ಲಿ.

ಬುಗುರಿಯನ್ನು ನೆನೆಯಿರಿ. ತಿರುಗುವ ಬುಗುರಿಗೆ ಒಂದು ಹಟವಿದೆ, ಯಾವ ಕಡೆಗೆ ಮುಖ ಮಾಡಿ ತಿರುಗಲು ಶುರುಮಾಡಿತೋ ಅದೇ ಕಡೆಗೆ ಮುಖ ಇಟ್ಟಿರಲು ನೋಡುತ್ತದೆ. ರೈಫಲ್ ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತವೆ. ಎಕೆ-47ರ ಗುಂಡು ಸೆಕೆಂಡಿಗೆ ಸುಮಾರು 3000 ಸುತ್ತು ತಿರುಗುತ್ತ ಹೊರಡುತ್ತದೆ. ಮುಂದೋಡುವ ವೇಗವನ್ನು ಗಾಳಿ ಬೇಗ ಕಸಿದುಕೊಳ್ಳುತ್ತದೆ, ತಿರುಗುವ ವೇಗವನ್ನು ಅಷ್ಟು ಬೇಗ ಕಸಿಯಲಾರದು. ಹಾಗಾಗಿ ನೆಟ್ಟಗೆ ಹೋದ ಗುಂಡು ತುದಿಯಲ್ಲಿ ಒಂದು ಕ್ಷಣ ನಿಂತಾಗಲೂ ಗರಗರ ತಿರುಗುತ್ತಲೇ ಇರುತ್ತದೆ, ಮೂತಿಯನ್ನು ಆಕಾಶಕ್ಕೇ ಮಾಡಿರುತ್ತದೆ, ಹಾಗೇ ಹಿಮ್ಮುಖವಾಗಿ ಇಳಿಯುತ್ತದೆ. ಹ್ಯಾಚರನ ಹಲಗೆಯ ಮೇಲೆ ಬುಡದ ಗುರುತು ಬಿದ್ದದ್ದು ಹೀಗೆ. ಬುಡ ಮೊಂಡಾದ್ದರಿಂದ ಗಾಳಿಯ ತಡೆ ಹೆಚ್ಚು, ವೇಗ ಕಡಿಮೆ.

ವಾಲಿಸಿ ಹಾರಿಸಿದ ಗುಂಡಿಗೆ ಈ ನಿಲುಗಡೆ ಇಲ್ಲ. ಅದು ಕಮಾನಿನಂತೆ ಬಾಗಿ ಸಾಗುತ್ತದೆ. ತುತ್ತತುದಿಯಲ್ಲೂ ಅದಕ್ಕೆ ಮುಂದಕ್ಕೆ ಹೋಗುವ ವೇಗ ಉಳಿದಿರುತ್ತದೆ. ದಾರಿ ನಿಧಾನವಾಗಿ ಬಾಗುವುದರಿಂದ ಗುಂಡಿನ ಮೂತಿಯೂ ದಾರಿಯ ಜೊತೆಗೆ ಮೆಲ್ಲಗೆ ಬಾಗುತ್ತ, ಕೊನೆಗೆ ಮೂತಿ ಮುಂದಾಗಿಯೇ ಇಳಿಯುತ್ತದೆ. ಚೂಪು ಮೂತಿ ಗಾಳಿಯನ್ನು ಸೀಳುವುದರಿಂದ ವೇಗ ಹೆಚ್ಚು ಉಳಿಯುತ್ತದೆ. ಸೆಕೆಂಡಿಗೆ ನೂರು ಮೀಟರಿಗೂ ಮೇಲೆ, ನಳಿಗೆ ಹೆಚ್ಚು ವಾಲಿದ್ದರೆ ಇನ್ನೂ ಮೇಲೆ. ವೇಗ ಒಂದೂವರೆ ಪಟ್ಟಾದರೆ ಶಕ್ತಿ ಎರಡೂಕಾಲು ಪಟ್ಟು ಎಂಬುದನ್ನು ಮರೆಯಬೇಡಿ. ಇಂಥ ಗುಂಡನ್ನು ‘ಬೀಳುವ ಗುಂಡು’ ಎಂದು ಕರೆಯುವುದೇ ತಪ್ಪು ಎಂದು ನನ್ನ ಎಣಿಕೆ. ಬಂದೂಕು ಕೊಟ್ಟ ವೇಗದ ಒಂದು ಪಾಲು ಇನ್ನೂ ಅದರ ಮೈಯಲ್ಲಿದೆ. ಅದು ಹೊಡೆದ ಗುಂಡೇ, ಎರಡು ಕಿಲೋಮೀಟರ್ ಆಚೆ ಇನ್ನೂ ಹೊಡೆಯುತ್ತಿರುವ ಗುಂಡು.

ಆಸ್ಪತ್ರೆಯ ದಾಖಲೆಗಳು ಹೇಳುವುದೂ ಇದನ್ನೇ. ಲಾಸ್ ಏಂಜಲಿಸ್ ನಗರದ ಕಿಂಗ್-ಡ್ರೂ ವೈದ್ಯಕೀಯ ಕೇಂದ್ರದ ವೈದ್ಯರು 1985ರಿಂದ 1992ರವರೆಗೆ ಆಕಾಶದಿಂದ ಬಿದ್ದ ಗುಂಡಿನಿಂದ ಗಾಯಗೊಂಡು ಬಂದವರ ಲೆಕ್ಕ ಇಟ್ಟರು. ಒಟ್ಟು 118 ಮಂದಿ, ಅವರಲ್ಲಿ 38 ಮಂದಿ ಸತ್ತರು. ನೂರಕ್ಕೆ 77 ಮಂದಿಗೆ ಪೆಟ್ಟು ಬಿದ್ದದ್ದು ತಲೆಗೆ. ಬಿದ್ದ ಪ್ರತಿ ಮೂರು ಗುಂಡಿಗೆ ಒಬ್ಬರು ಸಾಯುತ್ತಾರೆ ಎಂದು ಇದನ್ನು ಓದಬಾರದು. ಬಹುಪಾಲು ಗುಂಡುಗಳು ರಸ್ತೆಗೋ ಸೂರಿಗೋ ಬಯಲಿಗೋ ಬೀಳುತ್ತವೆ, ತರಚು ಗಾಯದವರು ಆಸ್ಪತ್ರೆಗೇ ಬಂದಿರಲಿಕ್ಕಿಲ್ಲ. ಆದರೂ 38 ಎಂಬುದು ಒಂದೇ ಆಸ್ಪತ್ರೆಯ ಲೆಕ್ಕ.

ಕೆರಿಬಿಯನ್ ದ್ವೀಪ ಪೋರ್ಟೊರಿಕೊದಲ್ಲಿ 2003ರ ಕೊನೆಯ ರಾತ್ರಿ, ಹೊಸ ವರ್ಷದ ಸಂಭ್ರಮದ ಗುಂಡುಗಳಿಂದ 19 ಮಂದಿ ಗಾಯಗೊಂಡರು, ಅವರಲ್ಲಿ ಒಬ್ಬರು ತೀರಿಕೊಂಡರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದರ ವರದಿ ಬರೆಯಿತು. ಅಲ್ಲಿ ಹೆಚ್ಚು ಪೆಟ್ಟು ತಿಂದದ್ದು ತಲೆ, ಪಾದ, ಭುಜ. ಮಹಡಿಯ ಮೇಲಿಂದ ಕೆಳಗೆ ನಿಂತವರನ್ನು ಬಗ್ಗಿ ನೋಡಿ, ನಿಮಗೆ ಕಾಣುವುದೂ ಆ ಮೂರೇ. ಗುಂಡಿನ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆ ಎಂಬುದು ಆ ಪಟ್ಟಿಯಲ್ಲಿದೆ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ 1999ರಲ್ಲಿ ಮನೆಯ ಹಿತ್ತಲಲ್ಲಿದ್ದ 14 ವರ್ಷದ ಹುಡುಗಿಯೊಬ್ಬಳು ಹೀಗೆ ಎಲ್ಲಿಂದಲೋ ಬಂದ ಗುಂಡಿಗೆ ಬಲಿಯಾದಳು. ಅಲ್ಲಿಯವರೆಗೆ ಸಣ್ಣ ಅಪರಾಧವಾಗಿದ್ದ, ಗೊತ್ತುಗುರಿಯಿಲ್ಲದೆ ಗುಂಡು ಹಾರಿಸುವ ಈ ಕೃತ್ಯ, ಮರುವರ್ಷ ಬಂದ ಕಾನೂನಿನಿಂದ ಆ ರಾಜ್ಯದ ಊರುಗಳಲ್ಲಿ ಘೋರ ಅಪರಾಧವಾಯಿತು. ಆ ಕಾನೂನನ್ನು ಜನ ಇವತ್ತಿಗೂ ಆ ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮಲ್ಲಿ 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಮೊದಲ ಬಾರಿಗೆ ಸಂಭ್ರಮದ ಗುಂಡು ಹಾರಿಸುವುದನ್ನು ಹೆಸರಿಟ್ಟು ಗುರುತಿಸಿತು. ಮದುವೆ, ಜಾತ್ರೆ, ಸಭೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗೂ ಗಾಯವಾಗದಿದ್ದರೂ ಈ ಕಲಮು ಅನ್ವಯಿಸಬಹುದು ಎಂಬುದು ನನಗೆ ಮುಖ್ಯವಾಗಿ ಕಂಡಿತು. ಯಾರ ತಲೆಗೂ ಬೀಳದಿದ್ದದ್ದು ಹಾರಿಸಿದವನ ಜಾಣತನದಿಂದಲ್ಲವಲ್ಲ.

ಕರ್ನಾಟಕದಲ್ಲಿ ಈ ಮಾತು ಬಂದರೆ ಕೊಡಗು ನೆನಪಾಗದೆ ಇರದು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸುವುದು ಕೊಡವರ ಪದ್ಧತಿ. ಕೈಲ್ ಮುಹೂರ್ತದಂದು ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುರಿ. ಅಲ್ಲಿನ ಮನೆಗಳ ಒಂಟಿ ನಳಿಗೆ, ಜೋಡು ನಳಿಗೆ ಕೋವಿಯ ತೋಟೆಯಲ್ಲಿ ಚರೆ, ಅಂದರೆ ಸೀಸದ ಸಣ್ಣ ಕಾಳುಗಳು, ಇದ್ದರೆ ಭೌತವಿಜ್ಞಾನ ಬೇರೆಯೇ ಆಗುತ್ತದೆ. ಮೂರು ಮಿಲಿಮೀಟರಿಗೂ ಸಣ್ಣ ಚರೆಕಾಳಿನ ಅಂತಿಮ ವೇಗ ಸೆಕೆಂಡಿಗೆ 25 ಮೀಟರಿನ ಆಸುಪಾಸು, ಶಕ್ತಿ ಒಂದು ಜೂಲಿನ ಇಪ್ಪತ್ತನೇ ಒಂದು ಭಾಗವೂ ಇಲ್ಲ. ಆಕಾಶಕ್ಕೆ ಹಾರಿ ಮರಳಿದ ಸಣ್ಣ ಚರೆ ತಲೆಯ ಮೇಲೆ ಉದುರಿದರೆ ಚುರುಕ್ ಅಂದೀತು, ಅಷ್ಟೇ. ಆದರೆ ಅದೇ ಕೋವಿಗೆ ಒಂಟಿ ಗುಂಡಿನ ತೋಟೆ ಹಾಕಿದರೆ, ಅಥವಾ ಕೈಯಲ್ಲಿರುವುದು ರೈಫಲ್ ಆದರೆ, ಈ ಮಾತು ನಡೆಯದು. ಮೈಸೂರು ದಸರೆಯ ಇಪ್ಪತ್ತೊಂದು ಕುಶಾಲತೋಪುಗಳಲ್ಲಿ ಗುಂಡೇ ಇರುವುದಿಲ್ಲ, ಬರೀ ಮದ್ದು. ಸದ್ದು ಊರಿಗೆಲ್ಲ ಕೇಳುತ್ತದೆ, ಮೇಲಿನಿಂದ ಬೀಳಲು ಏನೂ ಇಲ್ಲ.

ಇನ್ನೊಂದು ಸಂಗತಿ, ಸದ್ದಿನದೇ. ಎರಡು ಕಿಲೋಮೀಟರ್ ದೂರದಲ್ಲಿ ಹೊಡೆದ ಈಡಿನ ಸದ್ದು ನಮ್ಮ ಕಿವಿಗೆ ಆರು ಸೆಕೆಂಡಿನಲ್ಲಿ ಬರುತ್ತದೆ. ಎತ್ತರದ ಕಮಾನು ಹಿಡಿದು ಬರುವ ಗುಂಡು ತಲುಪುವುದು ಅದಾದ ಎಷ್ಟೋ ಸೆಕೆಂಡುಗಳ ನಂತರ. ಅಷ್ಟರಲ್ಲಿ ಆ ಸದ್ದು ಪಟಾಕಿಯೋ ಏನೋ ಎಂದು ಮರೆತಿರುತ್ತೇವೆ. ಅಂಗಳದಲ್ಲಿ ನಿಂತಿದ್ದ ಮಗು ಇದ್ದಕ್ಕಿದ್ದಂತೆ ತಲೆ ಹಿಡಿದು ಕುಸಿದರೆ, ಯಾರೋ ಕಲ್ಲು ಎಸೆದರು ಎಂದೇ ಮನೆಯವರು ತಿಳಿಯುತ್ತಾರೆ. ಗಾಯ ಚಿಕ್ಕದು, ಕೂದಲಿನ ನಡುವೆ ರಕ್ತವೂ ಹೆಚ್ಚಿರಲಿಕ್ಕಿಲ್ಲ. ಒಳಗೆ ಗುಂಡಿದೆ ಎಂದು ಗೊತ್ತಾಗುವುದು ಎಕ್ಸ್-ರೇ ತೆಗೆದ ಮೇಲೆಯೇ. ಹೊಸ ವರ್ಷದ ರಾತ್ರಿಯೋ ದಿಬ್ಬಣದ ಹೊತ್ತಲ್ಲೋ ಬಯಲಲ್ಲಿದ್ದವರ ತಲೆಗೆ ಕಾರಣ ತಿಳಿಯದ ಸಣ್ಣ ಗಾಯವಾಗಿದ್ದರೆ, ಅರಿಶಿನ ಮೆತ್ತಿ ಮಲಗಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸುತ್ತಮುತ್ತ ಎಲ್ಲಾದರೂ ಗುಂಡಿನ ಸದ್ದು ಕೇಳಿದ್ದರೆ ಅದನ್ನು ವೈದ್ಯರಿಗೆ ಮೊದಲು ಹೇಳಬೇಕು.